ಕಟ್ಟಡಕ್ಕೆ ಕೊಟ್ಟವರು ಒಂದು ಗಂಟೆಗೂ ಕೊಡಲಿ

(ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಪರಸ್ಪರ ಬರವಣಿಗೆಗೆ ನೆರವಾಗುವ ಯೋಜನೆಯೊಂದಕ್ಕೆ ದೇಣಿಗೆ ಸಂಗ್ರಹಿಸಲು ಕರೆದಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ನಿಮ್ಮ ಮುಂದೆ ಹಣ ಕೇಳಲು ಬಂದಿದ್ದೇವೆ. ಇದನ್ನು ಮೊದಲೇ ಹೇಳಿಬಿಡುವುದು ಒಳಿತು. ಆದರೆ ನೀವು ಕೊಡುವ ಹಣದಿಂದ ಒಂದು ಗೋಡೆಯೂ ಏಳುವುದಿಲ್ಲ. ದಾನಿಗಳ ಹೆಸರು ಕೆತ್ತಿದ ಫಲಕವನ್ನು ಎಲ್ಲಿಯೂ ಹಾಕುವುದಿಲ್ಲ. ಒಬ್ಬ ಹಿರಿಯ ವಿದ್ಯಾರ್ಥಿಯು ಕಿರಿಯ ವಿದ್ಯಾರ್ಥಿಯ ಪಕ್ಕದಲ್ಲಿ ಒಂದು ಗಂಟೆ ಕುಳಿತು, ಅವನು ಬರೆದುದನ್ನು ಅವನಿಂದಲೇ ಓದಿಸಿ, ಅವನಿಂದಲೇ ತಿದ್ದಿಸುವ ಕೆಲಸಕ್ಕೆ ನಾವು ಹಣ ಕೇಳುತ್ತಿದ್ದೇವೆ.

ಕಟ್ಟಡ ಕಟ್ಟುವುದನ್ನು ನಮ್ಮ ಸಮುದಾಯ ಚೆನ್ನಾಗಿ ಬಲ್ಲದು. ಭಟ್ಕಳದಲ್ಲಿ 1919ರಲ್ಲಿಯೇ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಅಲ್ ಅಮೀನ್ ಸಂಸ್ಥೆಯನ್ನು ಹುಟ್ಟುಹಾಕಿದರು. ಇವೆಲ್ಲ ಸಮುದಾಯದ ದೇಣಿಗೆಯಿಂದ ಬೆಳೆದ ಸಂಸ್ಥೆಗಳು. ಶುಲ್ಕ ಕಟ್ಟುವುದನ್ನೂ ನಾವು ಕಲಿತೆವು. ಇಂದು ಸ್ಕಾಲರ್‌ಶಿಪ್ ವಿತರಿಸದ ಜಮಾಅತ್‌ಗಳು ವಿರಳ. ಹೀಗೆ ಬಾಗಿಲವರೆಗೆ ಮಗುವನ್ನು ಕರೆದೊಯ್ದು ಬಿಡುವುದರಲ್ಲಿ ನಾವು ಪಳಗಿದ್ದೇವೆ. ಬಾಗಿಲ ಒಳಗೆ ಹೋದ ಬಳಿಕ ಆ ಮಗುವಿಗೆ ಏನಾಗುತ್ತದೆ ಎಂದು ಕೇಳುವ ಅಭ್ಯಾಸ ಇನ್ನೂ ಬಂದಿಲ್ಲ.

2006ರ ಸಾಚಾರ್ ವರದಿಯನ್ನು ಇಲ್ಲಿರುವ ಅನೇಕರು ಓದಿದ್ದೀರಿ. ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬ ಮತ್ತು ಸ್ನಾತಕೋತ್ತರ ತರಗತಿಯ 50 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಆ ವರದಿ ಹೇಳಿತ್ತು. ಪದವಿಯಿಂದ ಸ್ನಾತಕೋತ್ತರಕ್ಕೆ ಹೋಗುವಷ್ಟರಲ್ಲಿ ಪಾಲು ಅರ್ಧಕ್ಕೆ ಇಳಿಯುತ್ತದೆ. ಬಡತನವು ಇದಕ್ಕೆ ಒಂದು ಕಾರಣ ಎಂಬುದರಲ್ಲಿ ಸಂಶಯವಿಲ್ಲ. ಸರಕಾರದ ಪಾತ್ರವೂ ಇದೆ: ಅದೇ ವರದಿಯ ಹಿನ್ನೆಲೆಯಲ್ಲಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ನಿಲ್ಲಿಸಲಾಗಿದೆಯೆಂದು ಕೇಂದ್ರವು 2022ರ ದಶಂಬರದಲ್ಲಿ ಲೋಕಸಭೆಗೆ ತಿಳಿಸಿತು. ಸಂಶೋಧನೆಗೆ ಹೊರಟ ಬಡ ಮನೆಯ ಮಕ್ಕಳ ಕೈಯಿಂದ ಊರುಗೋಲನ್ನು ಕಿತ್ತುಕೊಂಡಂತಾಯಿತು. ಅದರ ವಿರುದ್ಧ ಹೋರಾಡಬೇಕು, ಹೋರಾಡೋಣ. ಆದರೆ ಬಡತನ ಮತ್ತು ಸರಕಾರ ಎಂಬ ಎರಡು ಉತ್ತರಗಳಿಂದ ಪ್ರಶ್ನೆ ಮುಗಿಯುವುದಿಲ್ಲ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದ ವಿದ್ಯಾರ್ಥಿಯೊಬ್ಬನನ್ನು ಯೋಚಿಸಿ. ಮನೆಯಲ್ಲಿ ಬ್ಯಾರಿಯೋ ದಖನಿಯೋ ನವಾಯತಿಯೋ ಆಡುಮಾತು. ಗೈಡ್ ಪುಸ್ತಕವನ್ನು ಬಾಯಿಪಾಠ ಮಾಡಿ ಪಿಯುಸಿಯನ್ನೂ ಪದವಿಯನ್ನೂ ದಾಟಿಬಿಡುತ್ತಾನೆ. ಅವನಿಗೆ ಬುದ್ಧಿ ಕಡಿಮೆಯಿಲ್ಲ. ವಿಶ್ವವಿದ್ಯಾನಿಲಯಕ್ಕೆ ಬಂದಾಗ ಪ್ರಾಧ್ಯಾಪಕರು ಹತ್ತು ಪುಟದ ಸೆಮಿನಾರ್ ಪ್ರಬಂಧವನ್ನು ಇಂಗ್ಲಿಷ್‌ನಲ್ಲಿ ಬರೆದು ತಾ ಎನ್ನುತ್ತಾರೆ. ಇಲ್ಲಿ ಗೈಡ್ ಇಲ್ಲ. ತಂದೆ ಹಣ್ಣಿನ ವ್ಯಾಪಾರಿ, ತಾಯಿ ಬೀಡಿ ಕಟ್ಟುತ್ತಾರೆ, ಅವರನ್ನು ಕೇಳುವಂತಿಲ್ಲ. ಪ್ರಾಧ್ಯಾಪಕರನ್ನು ಕೇಳಲು ಭಯ, ಕೇಳಿದರೆ ತನ್ನ ಅಜ್ಞಾನ ಬಯಲಾಗುತ್ತದೆಂಬ ನಾಚಿಕೆ. ಕೊನೆಗೆ ಅಲ್ಲಿಂದ ಒಂದು ಪ್ಯಾರಾ, ಇಲ್ಲಿಂದ ಒಂದು ಪ್ಯಾರಾ ಎತ್ತಿ ಜೋಡಿಸುತ್ತಾನೆ.

ಇದರ ಪರಿಣಾಮ ಇಂದು ಮೊದಲಿನಂತಿಲ್ಲ. ಕೃತಿಚೌರ್ಯ ತಡೆಗೆ ಯುಜಿಸಿಯು 2018ರಲ್ಲಿ ನಿಯಮಾವಳಿ ಹೊರಡಿಸಿದೆ. ಮಹಾಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ನಿಯಮ ನ್ಯಾಯವಾದದ್ದೇ, ಕದಿಯುವುದು ಬರಹದಲ್ಲಿಯೂ ಕಳ್ಳತನವೇ. ಆದರೆ ತನ್ನ ಮಾತಿನಲ್ಲಿ ಬರೆಯುವುದನ್ನು ಯಾರೂ ಕಲಿಸದ ಹುಡುಗನು ಮೋಸಗಾರನ ಸಾಲಿನಲ್ಲಿಯೇ ನಿಲ್ಲುತ್ತಾನೆ. ನಾವು ಕಟ್ಟಿದ ನಾಲ್ಕೈದು ವರ್ಷಗಳ ಶುಲ್ಕವೂ ಅವನೊಂದಿಗೆ ಮನೆಗೆ ಮರಳುತ್ತದೆ.

ಈ ಕಷ್ಟ ನಮ್ಮ ಮಕ್ಕಳಿಗೆ ಮಾತ್ರ ಬಂದುದಲ್ಲ, ಇದಕ್ಕೆ ಕಂಡುಕೊಂಡ ದಾರಿಯೂ ಹೊಸದಲ್ಲ. ಅಮೆರಿಕದ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯದ ಸಿಟಿ ಕಾಲೇಜನ್ನು 1969ರಲ್ಲಿ ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ವಶಪಡಿಸಿಕೊಂಡು, ತಮ್ಮ ಜನರಿಗೂ ಪ್ರವೇಶ ಬೇಕೆಂದು ಹಠ ಹಿಡಿದರು. ಮರುವರ್ಷವೇ, ನಗರದ ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. 1970ರಲ್ಲಿ ಸುಮಾರು 35,000 ಹೊಸಬರು ಸೇರಿದರು. ಬಾಗಿಲು ತೆರೆದ ಮೇಲೆ ಅಲ್ಲಿಯೂ ಇದೇ ಸಮಸ್ಯೆ: ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರಿಗೆ ಪ್ರಬಂಧ ಬರೆಯಲು ಬರುತ್ತಿರಲಿಲ್ಲ. ವೃತ್ತಿನಿರತ ಬೋಧಕರಿಂದ ಹೆಚ್ಚುವರಿ ಪಾಠದ ವ್ಯವಸ್ಥೆಯಾಯಿತು. ಆದರೆ ನೆರವು ತೀರಾ ಅಗತ್ಯವಿದ್ದವರೇ ಅದರತ್ತ ಸುಳಿಯಲಿಲ್ಲ. ತರಗತಿಯಲ್ಲಿ ಹೆದರಿಸಿದ್ದ ಅದೇ ಮುಖ ಅಲ್ಲಿಯೂ ಇರುವಾಗ ಯಾರು ತಾನೇ ಹೋಗುತ್ತಾರೆ?

ಬ್ರೂಕ್ಲಿನ್ ಕಾಲೇಜಿನ ಕೆನೆತ್ ಬ್ರಫಿ ಮತ್ತು ಅವರ ಸಂಗಡಿಗರು ಆಗ ಬೇರೊಂದು ದಾರಿ ಹಿಡಿದರು. ಅಧ್ಯಾಪಕರ ಬದಲು ವಿದ್ಯಾರ್ಥಿಗಳನ್ನೇ ತರಬೇತುಗೊಳಿಸಿ ಮೇಜಿನ ಬಳಿ ಕೂರಿಸಿದರು. ಹುಡುಗರು ಬಂದರು. ಬ್ರಫಿ ಗಮನಿಸಿದ ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯವೆನಿಸುತ್ತದೆ: ನೆರವು ಪಡೆದವನಷ್ಟೇ ಅಲ್ಲ, ನೆರವು ಕೊಟ್ಟವನೂ ಉತ್ತಮ ಬರಹಗಾರನಾದ. ಕೊಟ್ಟ ಒಂದು ರೂಪಾಯಿಗೆ ಇಬ್ಬರು ಕಲಿಯುವ ಇಂತಹ ವ್ಯವಹಾರವನ್ನು ನಮ್ಮ ವ್ಯಾಪಾರಿಗಳು ತಿರಸ್ಕರಿಸಲಾರರು. ಮುಂದೆ 1982ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯವು ಇದಕ್ಕೆ ಇನ್ನೊಂದು ಸೂಕ್ಷ್ಮವನ್ನು ಸೇರಿಸಿತು. ಅಲ್ಲಿ ಒಂದು ತರಗತಿಗೆ ಜೊತೆಗಾರರನ್ನು ನೇಮಿಸಿದರೆ, ಜಾಣ ದಡ್ಡ ಎನ್ನದೆ ಆ ತರಗತಿಯ ಎಲ್ಲರೂ ಕರಡನ್ನು ಅವರಿಗೆ ತೋರಿಸಿ, ಮಾತನಾಡಿ, ತಿದ್ದಿ ಆಮೇಲೆ ಸಲ್ಲಿಸಬೇಕು. ಎಲ್ಲರೂ ಹೋಗುವಲ್ಲಿ ಹೋಗಲು ನಾಚಿಕೆಯೇಕೆ?

ನಾವು ಮಾಡಹೊರಟಿರುವುದು ಇದನ್ನೇ, ಸಣ್ಣ ಪ್ರಮಾಣದಲ್ಲಿ. ಬರಹದ ಜೊತೆಗಾರನು ಕೆಂಪು ಶಾಯಿಯ ಪೆನ್ನು ಹಿಡಿಯುವುದಿಲ್ಲ. ಬಂದವನು ತನ್ನ ಬರಹವನ್ನು ಗಟ್ಟಿಯಾಗಿ ಓದಬೇಕು. ಅರ್ಧದಷ್ಟು ತಪ್ಪುಗಳು ಅವನ ಕಿವಿಗೇ ಬೀಳುತ್ತವೆ. ಬಳಿಕ ಜೊತೆಗಾರ ಕೇಳುತ್ತಾನೆ, ‘ಇಲ್ಲಿ ನೀನು ಹೇಳಬೇಕೆಂದಿರುವುದು ಏನು? ನನಗೆ ಉರ್ದುವಿನಲ್ಲಿ ಹೇಳು, ಕನ್ನಡದಲ್ಲಿ ಹೇಳು.’ ಮಾತಿನಲ್ಲಿ ಹೇಳಿದ್ದು ಸ್ಪಷ್ಟವಾಗಿಯೇ ಇರುತ್ತದೆ. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ಉಳಿದ ಕೆಲಸ. ವಾದದ ಕ್ರಮ ಮೊದಲು, ವ್ಯಾಕರಣ ಕೊನೆಗೆ. ಒಂದು ಸಲಕ್ಕೆ ಎರಡು ವಿಧದ ತಪ್ಪುಗಳಿಗಿಂತ ಹೆಚ್ಚು ಮುಟ್ಟುವುದಿಲ್ಲ. ಜೊತೆಗಾರನು ಒಂದು ವಾಕ್ಯವನ್ನೂ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೆ ಅವನನ್ನು ಕೈಬಿಡಲಾಗುವುದು. ಹೆಣ್ಣುಮಕ್ಕಳಿಗೆ ವಿದ್ಯಾರ್ಥಿನಿಯರೇ ಜೊತೆಗಾರ್ತಿಯರು, ಮತ್ತು ಆ ಗಂಟೆಗಳು ಹಗಲಿನಲ್ಲಿಯೇ. ಮೇಜಿನ ಮುಂದೆ ಬಂದು ಕುಳಿತವರ ಧರ್ಮವನ್ನು ಕೇಳುವುದಿಲ್ಲ. ದಲಿತ ಮನೆಯ, ಹಿಂದುಳಿದ ವರ್ಗದ ಮಕ್ಕಳ ಕಷ್ಟವೂ ಇದೇ ಆಗಿರುವಾಗ ಬೇಲಿ ಹಾಕುವುದು ನಮಗೆ ಶೋಭಿಸದು.

ತಪ್ಪುಗಳ ಬಗ್ಗೆ ಒಂದು ಮಾತು. ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ಮೀನಾ ಶಾನೆಸಿ ಎಂಬ ಅಧ್ಯಾಪಕಿ ಇಂತಹ ವಿದ್ಯಾರ್ಥಿಗಳ ಸುಮಾರು 4,000 ಪ್ರಬಂಧಗಳನ್ನು ಕೂಲಂಕಷವಾಗಿ ಓದಿ 1977ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಈ ತಪ್ಪುಗಳು ಮೂರ್ಖತನದಿಂದ ಬಂದವಲ್ಲ, ಅವುಗಳಿಗೆ ಅವುಗಳದೇ ತರ್ಕವಿದೆ ಎಂಬುದು ಅವರ ನಿಲುವು. ನಮ್ಮಲ್ಲಿಯೂ ನೋಡಿ. ಇಂಗ್ಲಿಷಿನ ‘ಎ’, ‘ಆನ್’, ‘ದ’ಗಳಿಗೆ ಸಮನಾದುದು ಕನ್ನಡದಲ್ಲೂ ಇಲ್ಲ, ಉರ್ದುವಿನಲ್ಲೂ ಇಲ್ಲ. ಹಾಗಾಗಿ ನಮ್ಮ ಮಕ್ಕಳು ಅವುಗಳನ್ನು ಬಿಡುತ್ತಾರೆ, ಇಲ್ಲವೇ ಬೇಡದಲ್ಲಿ ಸೇರಿಸುತ್ತಾರೆ. ಇದನ್ನು ಕಂಡು ನಗುವ ಅಧ್ಯಾಪಕರಿದ್ದಾರೆ. ಆದರೆ ಅದೇ ತಪ್ಪನ್ನು ಎರಡು ವರ್ಷ ಹಿಂದೆ ಮಾಡಿ, ತಿದ್ದಿಕೊಂಡ ಹಿರಿಯ ವಿದ್ಯಾರ್ಥಿಯು ನಗುವುದಿಲ್ಲ.

ಈಗ ಕೆಲವರು ಕೇಳುತ್ತಾರೆ, ‘ಯಂತ್ರವೇ ಬರೆದುಕೊಡುವಾಗ ಇದೆಲ್ಲ ಏಕೆ?’ 2022ರ ನವಂಬರ್‌ನಲ್ಲಿ ಚಾಟ್ ಜಿಪಿಟಿ ಬಂದ ಬಳಿಕ ಈ ಪ್ರಶ್ನೆ ಸಹಜ. ಯಂತ್ರ ಬರೆದುಕೊಡುತ್ತದೆ, ನಿಜ. ಆದರೆ ಮೌಖಿಕ ಪರೀಕ್ಷೆಯಲ್ಲಿ ಕುಳಿತುಕೊಳ್ಳುವವನು, ಸಂದರ್ಶನದಲ್ಲಿ ಉತ್ತರಿಸುವವನು, ನಾಳೆ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿ ವಾದಿಸುವವನು ಆ ಹುಡುಗನೇ. ಯೋಚಿಸಿದ್ದನ್ನು ಕ್ರಮವಾಗಿ ಹೇಳಲು ಬಾರದ ಸಮುದಾಯದ ಪರವಾಗಿ ಯಾವಾಗಲೂ ಬೇರೆಯವರೇ ಮಾತನಾಡುತ್ತಾರೆ. ಅದನ್ನು ನಾವು ಸಾಕಷ್ಟು ಅನುಭವಿಸಿದ್ದೇವೆ. ಯಂತ್ರವನ್ನು ನಿಷೇಧಿಸಬೇಕೆಂದು ನಾವು ಹೇಳುತ್ತಿಲ್ಲ. ಅದು ಬರೆದುದರಲ್ಲಿ ತಪ್ಪೇನು ಎಂದು ಹೇಳಬಲ್ಲ ಮಕ್ಕಳು ನಮಗೆ ಬೇಕು.

ಇನ್ನೊಂದು ಆಕ್ಷೇಪ: ಸೇವೆಯನ್ನು ಉಚಿತವಾಗಿ ಮಾಡಬಾರದೇ, ಗೌರವಧನ ಏಕೆ? ಕೇಳಲು ಚೆನ್ನಾಗಿದೆ. ಆದರೆ ಜೊತೆಗಾರನೂ ಬಡ ವಿದ್ಯಾರ್ಥಿಯೇ. ಸಂಜೆ ಮೊಬೈಲ್ ಅಂಗಡಿಯಲ್ಲೋ ಬಟ್ಟೆ ಅಂಗಡಿಯಲ್ಲೋ ನಿಂತು ಖರ್ಚಿಗೆ ದುಡಿಯುತ್ತಾನೆ. ಅವನ ಸಮಯವನ್ನು ಪುಕ್ಕಟೆಯಾಗಿ ಪಡೆದರೆ ಪರೀಕ್ಷೆ ಹತ್ತಿರ ಬಂದಾಗ, ಅಂದರೆ ಅವನು ಅತ್ಯಂತ ಅಗತ್ಯವಿರುವಾಗ, ಅವನಿರುವುದಿಲ್ಲ. ಉಚಿತ ಸೇವೆಯ ಹೆಸರಿನಲ್ಲಿ ಆರಂಭವಾಗಿ ಮೂರನೇ ತಿಂಗಳಿಗೆ ನಿಂತುಹೋದ ಟ್ಯೂಷನ್ ತರಗತಿಗಳು ಯಾವ ಊರಿನಲ್ಲಿಲ್ಲ?

ಲೆಕ್ಕ ಸರಳವಾಗಿದೆ. ಒಬ್ಬ ಜೊತೆಗಾರ ವಾರಕ್ಕೆ 4 ಗಂಟೆ, ಗಂಟೆಗೆ 150 ರೂಪಾಯಿ. ತಿಂಗಳಿಗೆ 2,400, ಒಂಬತ್ತು ತಿಂಗಳಿಗೆ 21,600. ಹತ್ತು ಮಂದಿಗೆ 2,16,000 ರೂಪಾಯಿ. ಕೋಣೆಗೆ ನಾವು ಬಾಡಿಗೆ ಕೊಡುವುದಿಲ್ಲ. ವಾಚನಾಲಯದ ಒಂದು ಮೂಲೆ ಸಾಕು. ನಮ್ಮ ಮಧ್ಯಮ ವರ್ಗದ ಒಂದು ಮದುವೆಯಲ್ಲಿ ಊಟಕ್ಕೆ ಆಗುವ ವೆಚ್ಚ ಎಷ್ಟೆಂದು ಇಲ್ಲಿರುವವರಿಗೆ ನಾವು ಹೇಳಬೇಕಾಗಿಲ್ಲ.

ಝಕಾತ್ ಬಗ್ಗೆ ಸ್ಪಷ್ಟಪಡಿಸಬೇಕು. ಕುರ್‌ಆನ್‌ನ ಅತ್ತೌಬಾ ಅಧ್ಯಾಯದ 60ನೇ ಸೂಕ್ತವು ಝಕಾತ್‌ಗೆ ಎಂಟು ಬಾಬುಗಳನ್ನು ಗೊತ್ತುಪಡಿಸಿದೆ. ಅವುಗಳ ವ್ಯಾಪ್ತಿ ಎಲ್ಲಿಯವರೆಗೆ ಎಂಬುದರಲ್ಲಿ ಉಲೇಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಆದ್ದರಿಂದ ಈ ಯೋಜನೆಗೆ ನಾವು ಝಕಾತ್ ಹಣವನ್ನು ಸ್ವೀಕರಿಸುವುದಿಲ್ಲ. ಅದನ್ನು ನೀವು ಅರ್ಹ ಬಡವರಿಗೆ ನೇರವಾಗಿ ತಲುಪಿಸಿ. ನಮಗೆ ಸದಕಾ ಮತ್ತು ಸಾಮಾನ್ಯ ದೇಣಿಗೆ ಸಾಕು.

ದೇಣಿಗೆ ಎತ್ತುವುದು ಸಂಘಟಕರ ಕೆಲಸ, ವಿದ್ಯಾರ್ಥಿಗಳಿಗೇಕೆ ಎನ್ನುವವರಿಗೆ ಅಲೀಗಢದ ಚರಿತ್ರೆಯನ್ನು ನೆನಪಿಸುತ್ತೇವೆ. ಸರ್ ಸಯ್ಯದ್ ಅವರು ಕಾಲೇಜಿಗಾಗಿ ಊರೂರು ಸುತ್ತಿ ಚಂದಾ ಎತ್ತಿದ್ದು ನಮಗೆಲ್ಲ ಗೊತ್ತು. 1890ರಲ್ಲಿ ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್ ಅವರ ಮುಂದಾಳುತನದಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ‘ಅಂಜುಮನ್ ಅಲ್ ಫರ್ಝ್’ ಅಥವಾ ಡ್ಯೂಟಿ ಸೊಸೈಟಿಯನ್ನು ಕಟ್ಟಿ, ರಜೆಯಲ್ಲಿ ಊರಿಂದೂರಿಗೆ ಹೋಗಿ ಬಡ ಸಹಪಾಠಿಗಳಿಗಾಗಿ ಹಣ ಸಂಗ್ರಹಿಸುತ್ತಿದ್ದರು. ಹಣ ಎತ್ತುವುದನ್ನು ಅವರು ಹೆಸರಿನಲ್ಲಿಯೇ ಕರ್ತವ್ಯ ಎಂದು ಕರೆದಿದ್ದರು.

ಹಾಗಾಗಿ ಇಂದು ನಿಮ್ಮ ಬಳಿಗೆ ರಸೀದಿ ಪುಸ್ತಕ ಹಿಡಿದು ಬರುವವರು ಆ ಜೊತೆಗಾರರಾಗಲಿರುವ ವಿದ್ಯಾರ್ಥಿಗಳೇ. ಅವರನ್ನು ಪ್ರಶ್ನಿಸಿ. ಏನು ಓದುತ್ತಿದ್ದೀಯಾ, ಯಾರಿಗೆ ಹೇಗೆ ನೆರವಾಗುವೆ ಎಂದು ಕೇಳಿ. ಒಬ್ಬ ಜೊತೆಗಾರನ ಇಡೀ ವರ್ಷದ ವೆಚ್ಚ ಭರಿಸಬಹುದು, ಒಂದು ತಿಂಗಳದ್ದು ಭರಿಸಬಹುದು, ಒಂದೇ ಗಂಟೆಯ 150 ರೂಪಾಯಿಯನ್ನೂ ಕೊಡಬಹುದು. ಮೂರು ತಿಂಗಳಿಗೊಮ್ಮೆ ಎಷ್ಟು ಗಂಟೆ ಕೆಲಸ ನಡೆಯಿತು, ಎಷ್ಟು ಹಣ ಖರ್ಚಾಯಿತು ಎಂಬ ಲೆಕ್ಕವನ್ನು ಈ ಸಭಾಂಗಣದ ಫಲಕದಲ್ಲಿ ಅಂಟಿಸುತ್ತೇವೆ. ಯಾವ ವಿದ್ಯಾರ್ಥಿ ನೆರವು ಪಡೆದ ಎಂಬ ಹೆಸರನ್ನು ಮಾತ್ರ ಕೇಳಬೇಡಿ, ಅದನ್ನು ನಾವು ಅವನ ಪ್ರಾಧ್ಯಾಪಕರಿಗೂ ಹೇಳುವುದಿಲ್ಲ. ಮಗ್ರಿಬ್ ನಮಾಝ್ ಬಳಿಕ ಇಶಾದವರೆಗೆ ವಿದ್ಯಾರ್ಥಿಗಳು ಹೊರಬಾಗಿಲ ಬಳಿಯ ಮೇಜಿನಲ್ಲಿ ಇರುತ್ತಾರೆ. ಸಹೋದರಿಯರಿಗಾಗಿ ಒಳಗಿನ ಕೋಣೆಯಲ್ಲಿ ಬೇರೆ ಮೇಜು ಹಾಕಲಾಗಿದೆ.