ಕ್ಷ-ಕಿರಣಗಳು ತಂದ ಸುದ್ದಿ



ಆಕಾಶದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಕೋಟ್ಯನುಕೋಟಿ ನಕ್ಷತ್ರಗಳ ಸಮೂಹಕ್ಕೆ ಗೆಲಾಕ್ಸಿಯೆಂದು ಹೆಸರು. ಅವುಗಳಲ್ಲಿ ಒಂದು ವಿಲಕ್ಷಣವಾದ ಜಾತಿಯನ್ನು ಕುರಿತು ಅರಿಕೆಮಾಡಿಕೊಳ್ಳುವೆನು.

೧೯೪೩ರಲ್ಲಿ ಅಮೆರಿಕದ ಕಾರ್ಲ್ ಸೈಫರ್ಟ್ ಎಂಬ ಪಂಡಿತರು ಆರು ಗೆಲಾಕ್ಸಿಗಳನ್ನು ಪರೀಕ್ಷಿಸಿ, ಅವುಗಳ ನಡುಭಾಗವು ಅತಿಶಯವಾಗಿ ಬೆಳಗುವುದನ್ನೂ, ಅಲ್ಲಿಯ ಅನಿಲವು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಿಂದ ಚಲಿಸುವುದನ್ನೂ ಪ್ರಕಟಿಸಿದರು. ಇಂಥವನ್ನು ಸಕ್ರಿಯ ಗೆಲಾಕ್ಸಿಗಳೆನ್ನುವರು. ನಡುವೆ ಇರುವುದು ಸೂರ್ಯನಿಗಿಂತ ಲಕ್ಷೋಪಲಕ್ಷ ಪಾಲು ತೂಕವುಳ್ಳ ಕಪ್ಪುಕುಳಿ. ಕುಳಿಯು ತಾನಾಗಿ ಬೆಳಗುವುದಿಲ್ಲ. ಅದರೊಳಕ್ಕೆ ಸುತ್ತಿ ಸುತ್ತಿ ಬೀಳುವ ಅನಿಲವು ಕಾದು ಬೆಳಗುವುದು. ಕುಳಿಯ ಅಂಚಿನ ಸುದ್ದಿಯನ್ನು ತರುವ ದೂತರೆಂದರೆ ಕ್ಷ-ಕಿರಣಗಳು.

ಆದರೆ ಈ ದೂತರು ನೆಲದವರೆಗೆ ಬರಲಾರರು. ವಾಯುಮಂಡಲವು ಅವರನ್ನು ಮೇಲೆಯೇ ನುಂಗಿಬಿಡುವುದು. ಹಾಗೆ ನುಂಗುವುದರಿಂದಲೇ ನಾವು ಬದುಕಿರುವೆವೆಂಬುದನ್ನೂ ಹೇಳಬೇಕು! ಆದುದರಿಂದ ದೂರದರ್ಶಕವನ್ನೇ ಗಾಳಿಯ ಮೇಲಕ್ಕೆ ಒಯ್ಯಬೇಕಾಯಿತು. ಅಲ್ಲಿಯೂ ಸಾಧಾರಣ ಕನ್ನಡಿಯು ಕೆಲಸಕ್ಕೆ ಬಾರದು. ನೇರವಾಗಿ ಬಿದ್ದ ಕ್ಷ-ಕಿರಣವು ಹಿಂದಿರುಗದೆ ಕನ್ನಡಿಯಲ್ಲಿಯೇ ಇಂಗಿಹೋಗುವುದು. ಕೆರೆಯ ದಂಡೆಯಲ್ಲಿ ಹುಡುಗರು ಚಪ್ಪಟೆಗಲ್ಲನ್ನು ನೀರಿನ ಮೇಲೆ ಬೀಸುವುದನ್ನು ತಾವೆಲ್ಲರೂ ನೋಡಿದ್ದೀರಿ. ನೆಟ್ಟಗೆ ಎಸೆದ ಕಲ್ಲು ಮುಳುಗುವುದು. ಓರೆಯಾಗಿ ಸವರಿದ ಕಲ್ಲು ಪುಟಿದು ಮುಂದಕ್ಕೆ ಹೋಗುವುದು. ಕ್ಷ-ಕಿರಣದ ನಡತೆಯೂ ಹಾಗೆಯೇ. ಆ ಕಾರಣ ಅದರ ಕನ್ನಡಿಯು ತಟ್ಟೆಯಂತಿರದೆ, ಒಂದರೊಳಗೊಂದು ಸೇರಿಸಿದ ಕೊಳವೆಗಳಂತಿರುವುದು. ೧೯೯೯ರಲ್ಲಿ ಹಾರಿದ, ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ 'ಚಂದ್ರಾ'ದಲ್ಲಿ ಇಂಥ ನಾಲ್ಕು ಜೊತೆಗಳಿವೆ. ಬೆಂಗಳೂರಿನ ಇಸ್ರೋ ಸಂಸ್ಥೆಯು ೨೦೧೫ರಲ್ಲಿ ಕಳುಹಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಮೃದು ಕ್ಷ-ಕಿರಣ ದೂರದರ್ಶಕವೂ ಇದೇ ತತ್ತ್ವದ ಮೇಲೆ ರಚಿತವಾದುದು.

ಇನ್ನು ಸುದ್ದಿಯ ವಿಚಾರ. ಕುಳಿಯ ಸುತ್ತಣ ಅನಿಲದಲ್ಲಿ ಕಬ್ಬಿಣದ ಅಂಶವುಂಟು. ಕ್ಷ-ಕಿರಣಗಳು ತಾಕಿದಾಗ ಆ ಕಬ್ಬಿಣವು ೬.೪ ಕಿಲೋ-ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಒಂದು ನಿಶ್ಚಿತ ರೇಖೆಯನ್ನು ಹೊರಡಿಸುವುದು. ಜಪಾನಿನ ಆಸ್ಕಾ ಉಪಗ್ರಹವು ೧೯೯೪ರಲ್ಲಿ ಎಂಸಿಜಿ-೬-೩೦-೧೫ ಎಂಬ ಗೆಲಾಕ್ಸಿಯನ್ನು ನಾಲ್ಕು ದಿನ ದಿಟ್ಟಿಸಿದಾಗ, ಆ ರೇಖೆಯು ಕಡಿಮೆ ಶಕ್ತಿಯ ಕಡೆಗೆ ಬಹುದೂರ ಎಳೆದಂತೆ ಅಗಲವಾಗಿ ಕಂಡಿತು. ಕುಳಿಯ ಗುರುತ್ವದಿಂದ ಬಿಡಿಸಿಕೊಂಡು ಬರುವ ಬೆಳಕು ಶಕ್ತಿಗುಂದುವುದೆಂಬ ಐನ್‌ಸ್ಟೈನರ ಸಿದ್ಧಾಂತಕ್ಕೆ ಇದು ಸಾಕ್ಷಿಯೆಂದು ಹಲವರು ಹೇಳಿದರು. ಕೆಲವರು ಒಪ್ಪಲಿಲ್ಲ; ದಾರಿಯಲ್ಲಿ ಅಡ್ಡನಿಂತ ಅನಿಲಮೇಘಗಳು ಕಿರಣಗಳನ್ನು ಹೀರಿ ರೇಖೆಯನ್ನು ಹಾಗೆ ತೋರಿಸುತ್ತಿವೆಯೆಂದರು. ಇದು ಬರಿಯ ಪಂಡಿತರ ಜಗಳವಲ್ಲ. ಮೊದಲನೆಯವರ ಮಾತು ದಿಟವಾದರೆ ನಾವು ಕುಳಿಯ ಅಂಚಿನ ಸುದ್ದಿಯನ್ನು ಓದಿದ್ದೇವೆ. ಎರಡನೆಯವರದು ದಿಟವಾದರೆ, ದಾರಿಯ ಮಂಜನ್ನೇ ಊರೆಂದು ಭ್ರಮಿಸಿದ್ದೇವೆ.

ಅಮೆರಿಕದವರು ೨೦೧೨ರಲ್ಲಿ ಹಾರಿಸಿದ ನುಸ್ಟಾರ್ ಎಂಬ ಯಂತ್ರವು, ೧೦ ಮೀಟರ್ ಉದ್ದದ ತೊಲೆಯ ಒಂದು ತುದಿಯಲ್ಲಿ ಕನ್ನಡಿಗಳನ್ನೂ ಇನ್ನೊಂದರಲ್ಲಿ ಗ್ರಾಹಕವನ್ನೂ ಹೊತ್ತು, ಇನ್ನೂ ಹೆಚ್ಚಿನ ಶಕ್ತಿಯ ಕಿರಣಗಳನ್ನು ಹಿಡಿಯಬಲ್ಲದು. ಎರಡು ವಾದಗಳೂ ಬೇರೆ ಬೇರೆಯಾಗಿ ನುಡಿಯುವುದು ಅಲ್ಲಿಯೇ. ಅದೂ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ನೂ ಸುಮಾರು ೬ ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ ೧೩೬೫ ಎಂಬ ಗೆಲಾಕ್ಸಿಯನ್ನು ಏಕಕಾಲದಲ್ಲಿ ನೋಡಿದವು. ೨೦೧೩ರಲ್ಲಿ ಪ್ರಕಟವಾದ ಫಲವು ಗುರುತ್ವವಾದದ ಪಕ್ಷವಾಗಿತ್ತು. ಆ ಕುಳಿಯು ಮಹಾವೇಗದಿಂದ ತಿರುಗುತ್ತಿರುವುದೆಂದೂ ತಿಳಿಯಿತು. ಒಂದು ಗೆಲಾಕ್ಸಿಯ ತೀರ್ಪನ್ನು ಎಲ್ಲಕ್ಕೂ ಅನ್ವಯಿಸುವುದು ನನಗೆ ಸಮ್ಮತವಲ್ಲ.

ಜಪಾನಿನವರ 'ಹಿತೋಮಿ', ಎಂದರೆ ಕಣ್ಣಿನ ಪಾಪೆ, ೨೦೧೬ರಲ್ಲಿ ಹಾರಿ ಎರಡು ತಿಂಗಳೊಳಗಾಗಿ ನಷ್ಟವಾಯಿತು. ಅವರು ಎದೆಗುಂದದೆ ೨೦೨೩ರಲ್ಲಿ ಕ್ರಿಸ್ಮ್ ಎಂಬ ಇನ್ನೊಂದನ್ನು ಕಳುಹಿಸಿದರು. ನಿರಪೇಕ್ಷ ಶೂನ್ಯಕ್ಕಿಂತ ೦.೦೫ ಡಿಗ್ರಿ ಮಾತ್ರ ಮೇಲಿರುವ ಚಳಿಯಲ್ಲಿ ಅದರ ಗ್ರಾಹಕವು ಕಾದಿರುವುದು. ಒಂದೊಂದೇ ಕಿರಣವು ಬಂದು ತಾಕಿದಾಗ ಹುಟ್ಟುವ ಅತ್ಯಲ್ಪವಾದ ಕಾವನ್ನು ಅಳೆದು, ಮೇಘದ ಸಣ್ಣ ಗೆರೆಯಾವುದು, ಕುಳಿಯ ಅಗಲವಾದ ರೇಖೆಯಾವುದು ಎಂಬುದನ್ನು ಬೇರ್ಪಡಿಸುವುದು.