ಹಳೆಯ ಮೇಜಿನ ಪರೀಕ್ಷೆ

(ಬಾನುಲಿ ಭಾಷಣ)

ನಮ್ಮ ಹಳೆಯ ಕಾವ್ಯಗಳಲ್ಲಿ ಮಣೆಯುಂಟು, ಪೀಠವುಂಟು, ಮಂಚವುಂಟು. ಮೇಜು ಮಾತ್ರ ಕಾಣದು. ಆ ಹೆಸರು ಪಾರಸಿಯಿಂದ ಬಂದದ್ದು. ಅದರ ಸಂಗಾತಿಯಾದ ಕುರ್ಚಿ ಅರಬ್ಬಿಯಿಂದ ಬಂದದ್ದು. ಇವೆರಡರ ನಡುವೆ ಬಂದು ನಿಂತ ಟೀಪಾಯಿಯ ಕಥೆ ಇನ್ನೂ ಸ್ವಾರಸ್ಯವಾದುದು. ಹಿಂದೂಸ್ತಾನಿಯ ‘ತೀನ್’, ಪಾರಸಿಯ ‘ಪಾಯ್’ ಸೇರಿ ಮೂರು ಕಾಲಿನದು ಎಂಬ ಅರ್ಥದ ಮಾತು ಹುಟ್ಟಿತು. ಇಂಗ್ಲಿಷರ ಕಿವಿಯಲ್ಲಿ ಅದು ಚಹದೊಡನೆ ನಂಟು ಬೆಳೆಸಿತು. ಯೂಲ್ ಮತ್ತು ಬರ್ನೆಲ್ ಅವರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶ ಈ ಗೊಂದಲವನ್ನು ಬಿಡಿಸಿ ತೋರಿಸಿದೆ. ಈಗ ನಮ್ಮ ಮನೆಗಳಲ್ಲಿ ಟೀಪಾಯಿ ನಾಲ್ಕು ಕಾಲುಗಳ ಮೇಲೆ ನಿಂತು, ಕಾಫಿಯ ಲೋಟವನ್ನು ಹೊತ್ತು, ತನ್ನ ಹೆಸರಿನ ಎರಡು ಅರ್ಥಗಳನ್ನೂ ಸುಳ್ಳು ಮಾಡುತ್ತಿದೆ.

ಇದು ಮೇಷ್ಟರ ಪದಚಪಲವೆಂದು ತಳ್ಳಿಹಾಕಬೇಡಿ. ಹಳೆಯ ಮೇಜನ್ನು ಕೊಳ್ಳಹೊರಟವರಿಗೆ ಈ ವಿಚಾರದಿಂದ ಪ್ರಯೋಜನವುಂಟು. ನಮ್ಮ ಹಿರಿಯರು ಉಂಡದ್ದು ಮಣೆಯ ಮೇಲೆ ಕುಳಿತು; ಓದಿದ್ದು ವ್ಯಾಸಪೀಠದ ಮುಂದೆ; ಶಾನುಭೋಗರು ಲೆಕ್ಕ ಬರೆದದ್ದು ನೆಲದ ಮೇಲಿಟ್ಟ ಇಳಿಜಾರು ಪೆಟ್ಟಿಗೆಯ ಮೇಲೆ. ಎತ್ತರದ ಮೇಜು ನಮ್ಮ ನಾಡಿನಲ್ಲಿ ಹರಡಿದ್ದು ಮುಖ್ಯವಾಗಿ ಬ್ರಿಟಿಷರ ಕಚೇರಿ, ನ್ಯಾಯಾಲಯ, ದಂಡಿನ ಬಂಗಲೆ, ಮಿಷನ್ ಶಾಲೆ, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟ ಇವುಗಳ ಮೂಲಕ. ಪೋರ್ಚುಗೀಸರೂ ಡಚ್ಚರೂ ಮೊದಲೇ ಬೇರೂರಿದ್ದ ಗೋವೆ, ಕೊಚ್ಚಿಗಳ ಮಾತು ಬೇರೆ. ಆದಕಾರಣ ನಮ್ಮ ಊರಿನ ಅಂಗಡಿಯವನು ಒಂದು ಊಟದ ಮೇಜನ್ನು ತೋರಿಸಿ, ಹಳ್ಳಿಯ ಮನೆತನವೊಂದರ ಮುನ್ನೂರು ವರ್ಷದ ಸೊತ್ತು ಎಂದರೆ, ಆ ಮನೆಯಲ್ಲಿ ಅದರ ಮುಂದೆ ಕುಳಿತು ಉಂಡವರಾರು ಎಂದು ನೀವು ಮೆಲ್ಲನೆ ಕೇಳಬಹುದು.

ಮೇಜಿನ ವಯಸ್ಸನ್ನು ಅರಿಯಬೇಕಾದರೆ ಮೊದಲು ಅದರ ಮುಖವನ್ನು ಮರೆತು ಬೆನ್ನನ್ನು ನೋಡಬೇಕು. ಮೇಲ್ಮೈಗೆ ಯಾರು ಬೇಕಾದರೂ ಹೊಳಪು ಕೊಟ್ಟಾರು. ಅಡಿಭಾಗಕ್ಕೆ ಬಣ್ಣ ಬಳಿಯುವ ತಾಳ್ಮೆ ಬಹುಮಂದಿಗೆ ಇರುವುದಿಲ್ಲ. ಮೇಜನ್ನು ಮಗುಚಿ ಹಾಕಿಸಿ. ಆಗದಿದ್ದರೆ ಬ್ಯಾಟರಿ ಹಿಡಿದು ನೀವೇ ಅದರ ಕೆಳಗೆ ನುಸುಳಿ. ಕೈಯಿಂದ ಹತ್ತರಿ ಹೊಡೆದ ಹಲಗೆಯ ಮೇಲೆ ಬೆರಳಾಡಿಸಿದರೆ ಸಣ್ಣ ಏರಿಳಿತಗಳು ತಿಳಿಯುತ್ತವೆ. ಕೈಗರಗಸದ ಗೀರುಗಳು ನೇರವಾಗಿದ್ದರೂ ಒಂದರಂತೆ ಒಂದಿರುವುದಿಲ್ಲ. ಯಂತ್ರದ ದುಂಡು ಗರಗಸ ಬಿಲ್ಲಿನಂತೆ ಬಾಗಿದ ಗೀರುಗಳನ್ನು ಬಿಡುತ್ತದೆ. ಈ ದುಂಡು ಗರಗಸ ಪಶ್ಚಿಮ ದೇಶಗಳಲ್ಲೇ ಸಾಮಾನ್ಯವಾದದ್ದು 19ನೆಯ ಶತಮಾನದಲ್ಲಿ. ಹಾಗಾಗಿ ಬಿಲ್ಲುಗೀರು ಕಂಡ ಮೇಜು ಅದಕ್ಕಿಂತ ಹಿಂದಿನದಾಗಲಾರದು. ಆದರೆ ಇದನ್ನು ತಿರುಗಿಸಿ ಹೇಳುವಂತಿಲ್ಲ. ನಮ್ಮಲ್ಲಿ ಇಬ್ಬರು ಎದುರುಬದುರು ನಿಂತು ಮರ ಕೊಯ್ಯುವ ಪದ್ಧತಿ 20ನೆಯ ಶತಮಾನದಲ್ಲಿಯೂ ಬಹುಕಾಲ ಉಳಿದಿದ್ದುದರಿಂದ, ಕೈಗರಗಸದ ಗುರುತೊಂದೇ ಪ್ರಾಚೀನತೆಗೆ ಸಾಕ್ಷಿಯಲ್ಲ.

ಬಳಿಕ ಡ್ರಾಯರನ್ನು ಪೂರ್ತಿ ಹೊರಗೆಳೆಯಿರಿ. ಅದರ ಮೂಲೆಗಳಲ್ಲಿ ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳ ಕೂಡಿಕೆ ಇರುತ್ತದೆ. ಬಡಗಿಗಳು ಇದನ್ನು ಡವ್‌ಟೇಲ್ ಎನ್ನುತ್ತಾರೆ. ಕೈಕೆಲಸದಲ್ಲಿ ಹಲ್ಲುಗಳ ಸಂಖ್ಯೆ ಕಡಿಮೆ, ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಯಂತ್ರದ ಹಲ್ಲುಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ಸಮಸಮವಾಗಿರುತ್ತವೆ. ಡ್ರಾಯರಿನ ತಳ ಪ್ಲೈವುಡ್ಡಿನದಾಗಿದ್ದರೆ, ಒಂದೋ ಮೇಜು 20ನೆಯ ಶತಮಾನದ್ದು, ಇಲ್ಲವೇ ತಳ ಆಮೇಲೆ ಹಾಕಿದ್ದು. ಸ್ಕ್ರೂಗಳನ್ನೂ ಬಿಡಬೇಡಿ. 19ನೆಯ ಶತಮಾನದ ನಡುಗಾಲಕ್ಕೆ ಹಿಂದಿನವು ಮೊಂಡುತುದಿಯವು, ತಲೆಯ ಗೀರು ನಡುವಿನಿಂದ ಕೊಂಚ ಸರಿದಂಥವು; ಚೂಪುತುದಿಯವು ಆಮೇಲಿನವು. ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗೀರುಳ್ಳ ಫಿಲಿಪ್ಸ್ ಸ್ಕ್ರೂವಿಗೆ ಅಮೆರಿಕದಲ್ಲಿ ಪೇಟೆಂಟು ದೊರೆತದ್ದು 1936ರಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ ಮೇಜಿನಲ್ಲಿ ಅದು ಕಂಡರೆ, ಯಾರೋ ರಿಪೇರಿ ಮಾಡಿದ್ದಾರೆ ಎಂದು ತಿಳಿಯಬೇಕು. ಎಲ್ಲ ಕಡೆಯೂ ಅದೇ ಕಂಡರೆ ರಾಣಿಯನ್ನೇ ಸಂಶಯಿಸಬೇಕು.

ದುಂಡು ಮೇಜಿಗೆ ಒಂದು ಸುಲಭವಾದ ಪರೀಕ್ಷೆಯಿದೆ. ಮರ ಒಣಗುತ್ತ ಬಂದಂತೆ ಎಳೆಯ ಉದ್ದಕ್ಕೆ ಅಷ್ಟಾಗಿ ಕುಗ್ಗದು, ಅಡ್ಡಕ್ಕೆ ಕುಗ್ಗುತ್ತದೆ. ನೂರು ವರ್ಷ ಕಳೆದ ಗಟ್ಟಿಹಲಗೆಯ ದುಂಡು ಮೇಜು ಆದಕಾರಣ ಪೂರ್ತಿ ದುಂಡಾಗಿ ಉಳಿಯುವುದಿಲ್ಲ. ಟೇಪು ಹಿಡಿದು ಎಳೆಯುದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆದರೆ ವ್ಯತ್ಯಾಸ ಕಾಣುತ್ತದೆ. ಕೂಡಿಕೆಗಳಿಗೆ ಹೊಡೆದ ಮರದ ಗೂಟಗಳು ಸುತ್ತಲಿನ ಮರ ಕುಗ್ಗಿದ್ದರಿಂದ ಒಂದು ಕೂದಲಿನಷ್ಟು ಮೇಲೆದ್ದಿರುವುದೂ ಇದೇ ಕಾರಣದಿಂದ.

ಹುಳು ಕೊರೆದ ತೂತುಗಳನ್ನು ತೋರಿಸಿ ಹಳೆಯದೆಂದು ನಂಬಿಸುವವರಿದ್ದಾರೆ. ಸೂಜಿಯೊಂದನ್ನು ಒಳಗೆ ತೂರಿಸಿ ನೋಡಿ. ಹುಳುವಿನ ದಾರಿ ಅಂಕುಡೊಂಕಾದುದು, ಸೂಜಿ ಬೇಗನೆ ತಡೆಯುತ್ತದೆ. ನೇರವಾಗಿ ಆಳಕ್ಕೆ ಇಳಿದರೆ ಅದು ಡ್ರಿಲ್ಲಿನ ಕೆಲಸವಾಗಿರಬಹುದು. ಹಲಗೆಯ ಮೇಲ್ಮೈಯಲ್ಲಿ ಹುಳುವಿನ ಸುರಂಗ ಕಾಲುವೆಯಂತೆ ಉದ್ದಕ್ಕೆ ತೆರೆದು ಬಿದ್ದಿದ್ದರೆ, ಹುಳು ಕೊರೆದ ಮೇಲೆ ಆ ಮರವನ್ನು ಕೊಯ್ದಿದ್ದಾರೆ ಎಂದರ್ಥ. ಎಂದರೆ ಮರ ಹಳೆಯದು, ಮೇಜು ಹೊಸದು. ಚೆನ್ನಾದ ತೇಗದ ಚೇಗಿಗೆ ಹುಳುವಿನ ಕಾಟವೇ ಅಪರೂಪ. ಅಂಥದರಲ್ಲಿ ತೂತುಗಳ ಸಂತೆಯೇ ನೆರೆದಿದ್ದರೆ ಎಚ್ಚರವಿರಲಿ.

ಮರದ ಜಾತಿಯನ್ನು ಗುರುತಿಸುವುದಕ್ಕೆ ಕಣ್ಣು, ಮೂಗು, ತೋಳು ಮೂರೂ ಬೇಕು. ಬೀಟೆ ನೇರಳೆಯ ಛಾಯೆಯ ಕಂದುಬಣ್ಣದ್ದು, ಕಪ್ಪು ಗೆರೆಗಳುಳ್ಳದ್ದು, ಎತ್ತಿದರೆ ಭಾರ. ತೇಗ ಮುಟ್ಟಿದರೆ ಎಣ್ಣೆಯ ಜಿಡ್ಡು, ಕೆರೆದರೆ ತೊಗಲಿನಂಥ ವಾಸನೆ. ಹಲಸು ಮೊದಲು ಹಳದಿ, ವಯಸ್ಸಾದಂತೆ ಕೆಂಗಂದು. ಹೊಳಪಿನ ವಿಷಯಕ್ಕೆ ಬಂದರೆ, ಹಳೆಯ ಮೇಜುಗಳಿಗೆ ಹಚ್ಚುತ್ತಿದ್ದ ಫ್ರೆಂಚ್ ಪಾಲಿಷ್ ಎಂಬುದು ಹೆಸರಿಗೆ ಫ್ರೆಂಚ್. ಅದರ ಜೀವಾಳವಾದ ಅರಗು ನಮ್ಮ ದೇಶದ ಕಾಡಿನ ಕೀಟದ ಕೊಡುಗೆ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಅಂಗಡಿಯವನ ಅಪ್ಪಣೆ ಪಡೆದು ಕಾಣದ ಮೂಲೆಯಲ್ಲಿ ಸ್ಪಿರಿಟ್ ತೊಯ್ದ ಹತ್ತಿಯನ್ನು ಒತ್ತಿದರೆ, ಅರಗಾದರೆ ಅಂಟು ಬಿಡುತ್ತದೆ. ಈಚಿನ ರಾಸಾಯನಿಕ ಲೇಪವಾದರೆ ಜಗ್ಗುವುದಿಲ್ಲ.

ಇಷ್ಟೆಲ್ಲ ಗುರುತುಗಳಲ್ಲಿ ಒಂದನ್ನೇ ನೆಚ್ಚಿ ತೀರ್ಪು ಕೊಡಲಾಗದು. ಹಸ್ತಪ್ರತಿಯ ಕಾಲವನ್ನು ನಿರ್ಣಯಿಸುವಾಗ ಲಿಪಿ, ಭಾಷೆ, ಓಲೆ ಎಲ್ಲವೂ ಒಂದೇ ದಿಕ್ಕನ್ನು ತೋರಬೇಕಷ್ಟೆ, ಇಲ್ಲಿಯೂ ಹಾಗೆಯೇ. ಪ್ರಕ್ಷಿಪ್ತ ಪದ್ಯಗಳಿರುವಂತೆ ಪ್ರಕ್ಷಿಪ್ತ ಕಾಲುಗಳೂ ಉಂಟು. ಒಂದು ಮೇಜಿನ ಹಲಗೆಯನ್ನು ಇನ್ನೊಂದರ ಕಾಲಿಗೆ ಕೂರಿಸಿ ಮಾರುವುದು ಈ ವ್ಯಾಪಾರದಲ್ಲಿ ಹಳೆಯ ರೂಢಿ. ಹಲಗೆಯ ಅಡಿಯಲ್ಲಿ ಕಾರಣವಿಲ್ಲದ ತೂತುಗಳು, ಬೇರೊಂದು ಚೌಕಟ್ಟು ಕೂತಿದ್ದ ನೆರಳು ಕಂಡರೆ ಅದನ್ನು ಊಹಿಸಬಹುದು. ‘ಚಿಪ್ಪೆಂಡೇಲ್’ ಎಂಬ ಹೆಸರಿಗೂ ಬೆರಗಾಗಬೇಡಿ. ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ವಿನ್ಯಾಸಗಳ ಪುಸ್ತಕವನ್ನು ಅಚ್ಚು ಹಾಕಿಸಿದ ಮೇಲೆ ಲೋಕದ ಬಡಗಿಗಳೆಲ್ಲ ಅದನ್ನು ನೋಡಿ ಮಾಡಿದರು. ಅದು ಶೈಲಿಯ ಹೆಸರು, ಕರ್ತೃವಿನ ಅಂಕಿತವಲ್ಲ.

ಕೊಳ್ಳುವುದೆಲ್ಲಿ? ಮುಂಬಯಿಯ ಚೋರ್ ಬಜಾರು, ಕೊಚ್ಚಿಯ ಮಟ್ಟಾಂಚೇರಿ, ಚೆಟ್ಟಿಯಾರರ ದೊಡ್ಡ ಮನೆಗಳು ಕಳಚಿ ಬೀಳುತ್ತಿರುವ ಕಾರೈಕುಡಿ ಪ್ರಸಿದ್ಧವಾದ ಸ್ಥಳಗಳು. ಬೆಂಗಳೂರಿನ ಶಿವಾಜಿನಗರದ ಗಲ್ಲಿಗಳೂ ಸಣ್ಣವಲ್ಲ. ಎಲ್ಲಿಗೆ ಹೋದರೂ ಹಗಲಿನಲ್ಲಿ ಹೋಗಿ. ಮೇಜನ್ನು ಬೀದಿಯ ಬೆಳಕಿಗೆ ತರಿಸಿ. ಹಳೆಯ ತೊಲೆ ಬಾಗಿಲುಗಳ ಮರದಿಂದ ಹೊಸದಾಗಿ ಮಾಡಿದ ಮೇಜು ಕೆಟ್ಟ ವಸ್ತುವಲ್ಲ. ಹಾಗೆಂದು ಹೇಳಿ ಮಾರಿದರೆ ಸಾಕು. ರಸೀತಿಯಲ್ಲಿ ಮರದ ಹೆಸರು, ಅಂದಾಜು ಕಾಲ, ಮಾಡಿಸಿದ ರಿಪೇರಿ ಇಷ್ಟನ್ನು ಬರೆಯಿಸಿಕೊಳ್ಳಿ. ಬಾಯಲ್ಲಿ ಧಾರಾಳವಾಗಿ ಶತಮಾನಗಳನ್ನು ದಾನ ಮಾಡುವವನು ಕಾಗದದ ಮೇಲೆ ಜಿಪುಣನಾದರೆ, ಅವನ ಮೌನವೇ ಉತ್ತರ.

ಕಾನೂನಿನ ಮಾತು ಎರಡು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಕಲೆ ಕುಶಲಕೆಲಸದ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ; ವಿದೇಶದಲ್ಲಿರುವ ಮಗನಿಗೆ ಕಳಿಸುವ ಆಸೆಯಿದ್ದವರು ಇದನ್ನು ನೆನಪಿಡಬೇಕು. ಮೈಸೂರಿನ ಬೀಟೆಯ ಮೇಜುಗಳಲ್ಲಿ ಹಿಂದೆ ಆನೆಯ ದಂತದ ಹುದುಗುಕೆಲಸವಿರುತ್ತಿತ್ತು. ವನ್ಯಜೀವಿ ಕಾಯಿದೆಗೆ 1986ರಲ್ಲಿ ಮತ್ತು 1991ರಲ್ಲಿ ಬಂದ ತಿದ್ದುಪಡಿಗಳಿಂದ ಭಾರತದ ದಂತ, ಆಫ್ರಿಕದ ದಂತ ಎರಡರ ವ್ಯಾಪಾರವೂ ನಿಂತಿತು. ಎಷ್ಟೇ ಹಳೆಯದೆಂದರೂ ಅಂಥದನ್ನು ಕೊಳ್ಳುವ ಗೋಜಿಗೆ ಹೋಗಬೇಡಿ.

ಕೊಳ್ಳುವವರ ಮಾತನ್ನೇ ಇಷ್ಟು ಹೊತ್ತು ಆಡಿದೆ. ಮಾರುವವರ ಕಡೆಗೂ ನೋಡಬೇಕು. ನಾನು ಪಾಠ ಹೇಳುತ್ತಿದ್ದ ಊರಿನಲ್ಲಿ ಹಿರಿಯ ವಕೀಲರೊಬ್ಬರು ತೀರಿಕೊಂಡರು. ಅವರ ಪತ್ನಿ ಮನೆ ಖಾಲಿ ಮಾಡುವಾಗ ವ್ಯಾಪಾರಿಯೊಬ್ಬ ಬಂದು, ಕಪ್ಪುಗಟ್ಟಿದ ಬರೆಯುವ ಮೇಜನ್ನು ಕಾಡುಮರವೆಂದು ಕರೆದು, ಲಾ ಪುಸ್ತಕಗಳ ರದ್ದಿಯ ಜೊತೆಗೇ ಅದಕ್ಕೂ ಒಂದು ಬೆಲೆ ಕಟ್ಟಿದ. ಆಕೆ ಒಪ್ಪಿಯೂ ಬಿಟ್ಟಿದ್ದರು. ಕಿಟಕಿ ರಿಪೇರಿಗೆ ಬಂದಿದ್ದ ಬಡಗಿ ಮೇಜಿನ ಕೆಳಗೆ ತಲೆ ಹಾಕಿ ನೋಡಿ, “ಅಮ್ಮಾವ್ರೇ, ಇದು ಕಾಡುಮರ ಅಲ್ಲ, ಬೀಟೆ. ಮೇಲಿಂದು ಜೋಡಿಸಿದ್ದಲ್ಲ, ಒಂದೇ ಹಲಗೆ. ಅವಸರ ಮಾಡಬ್ಯಾಡಿ” ಎಂದ. ಆ ಒಂದು ಮಾತಿನಿಂದ ಆಕೆಗೆ ವ್ಯಾಪಾರಿ ಹೇಳಿದ್ದರ ಹಲವು ಪಟ್ಟು ಹಣ ದೊರೆತು, ಹೊಸ ಮನೆಯ ಮುಂಗಡಕ್ಕೆ ಒದಗಿತು. ಬಡಗಿಗೆ ಅದರಿಂದ ಬಂದದ್ದು ಒಂದು ಲೋಟ ಕಾಫಿ.

ಅರಿತವನು ಅರಿಯದವರಿಂದ ಕೊಳ್ಳುವಾಗ ಅವನ ಅರಿವಿಗೆ ಒಂದು ಹೊಣೆ ಅಂಟಿಕೊಳ್ಳುತ್ತದೆ. ಅಂಗಡಿಯವನೊಡನೆ ಚೌಕಾಸಿ ಮಾಡಿ. ಅದು ಇಬ್ಬರು ಬಲ್ಲವರ ಆಟ. ಕಷ್ಟಕ್ಕಾಗಿ ಮನೆಯ ವಸ್ತುವನ್ನು ಮಾರುವವರ ಮುಂದೆ ಮಾತ್ರ ನಿಮಗೆ ತಿಳಿದುದನ್ನು ಮೊದಲು ಹೇಳಿ, ಆಮೇಲೆ ಬೆಲೆ ಕೇಳಿ.

ಕಡೆಯದಾಗಿ, ಪೇಟೆಗೆ ಹೊರಡುವ ಮುನ್ನ ನಿಮ್ಮ ಮನೆಯ ಅಟ್ಟವನ್ನೂ ಕೊಟ್ಟಿಗೆಯನ್ನೂ ಒಮ್ಮೆ ನೋಡಿ. ಅಕ್ಕಿಮೂಟೆಯ ಕೆಳಗೆ ತಾತನ ಮೇಜೊಂದು ನಿಂತಿದ್ದೀತು. ಸಿಕ್ಕಿದರೆ ಆ ಸಂತೋಷದಲ್ಲಿ ಉಪ್ಪುಕಾಗದ ಹಿಡಿದು ಉಜ್ಜಲು ತೊಡಗಬೇಡಿ. ಕೈ ತಾಗಿ ತಾಗಿ ಬಂದ ಆ ಮಾಸಲು ಹೊಳಪಿಗೆ ತಲೆಮಾರುಗಳು ಹಿಡಿದಿವೆ. ಅದು ಹೋಗುವುದಕ್ಕೆ ಅರ್ಧ ಗಂಟೆ ಸಾಕು. ಒಣಬಟ್ಟೆಯಿಂದ ಧೂಳು ಒರಸಿ, ಬಿಸಿಲು ತಾಗದ ಕಡೆ ಇಟ್ಟು, ಅದರ ಮೇಲೆ ಪುಸ್ತಕವನ್ನಿಟ್ಟು ಓದಿ. ಕಾಫಿಯ ಲೋಟದ ಅಡಿಗೆ ಒಂದು ತಟ್ಟೆಯಿರಲಿ. ಅರಗಿಗೆ ಬಿಸಿ ಆಗದು.