ನಿಂತವನಿಗೆ ಕಂಡ ಕೆರೆ



ಈ ಮಮದಾಪುರದ ಕೆರೆಯನ್ನು ನೀವೆಲ್ಲರೂ ಬಲ್ಲಿರಿ. ವಿಜಯಪುರದ ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹನು 1627ರಿಂದ 1656ರವರೆಗೆ ಆಳಿದವನು. ಅವನ ಕಾಲದ ಕೆರೆಯಿದು. ಊರಿಗೂ ಅವನದೇ ಹೆಸರು. ಇದರ ಒಡ್ಡಿನ ಮಗ್ಗುಲಲ್ಲಿ ನಾವು ಎಷ್ಟೋ ಸಲ ವಾಹನದಲ್ಲಿ ಹಾದುಹೋಗಿದ್ದೇವೆ. ಆದರೆ ಕೆರೆಯನ್ನು ನಿಜವಾಗಿ ಕಂಡದ್ದು ಹೋದ ವರ್ಷ, ಒಬ್ಬ ತರುಣನ ದೆಸೆಯಿಂದ.

ಅಂದು ಬೆಳಗಿನ ಪ್ರವಚನಕ್ಕೆ ಅವನು ತಡಮಾಡಿ ಬಂದನು. ಕೊರಳಲ್ಲಿ ಕ್ಯಾಮೆರಾ, ಕಾಲಿಗೆಲ್ಲ ಎರೆಮಣ್ಣು. "ಪ್ರವಚನ ಬಿಟ್ಟು ಎಲ್ಲಿ ತಿರುಗುತ್ತಿದ್ದೆಯೋ ತಮ್ಮಾ?" ಎಂದು ಸಭೆಯಲ್ಲಿಯೇ ಗದರಿಸಿದೆವು. "ಒಡ್ಡಿನ ಮ್ಯಾಲೆ ನಡಕೋತ ಹೋಗಿದ್ದೆರೀ ಅಪ್ಪಾರ, ಬೆಳಕು ಬರೂತನಕ ಕುಂತಿದ್ದೆ" ಎಂದನು.

ಸಭೆ ಮುಗಿದ ಮೇಲೆ ಆ ಚಿತ್ರವನ್ನು ತೋರಿಸಿದನು. ಅಲುಗದ ನೀರು, ನೀರಿನಿಂದ ಮೇಲೆದ್ದ ಒಂದು ಜಾಲಿಯ ಟೊಂಗೆ, ಅದರ ಮೇಲೊಂದು ಬೆಳ್ಳಕ್ಕಿ, ಆಚೆ ಎರೆಹೊಲದ ಕಪ್ಪು. ನೋಡಿ ನಾವು ಮಾತಿಲ್ಲದಾದೆವು. ಆದರೆ ಚಿತ್ರದ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ತಾಟುಗಳ ರಾಶಿಯಿತ್ತು. ಹತ್ತಿರವಿದ್ದ ಹಿರಿಯರೊಬ್ಬರು, "ಆ ಮೂಲೆ ಕತ್ತರಿಸಿಬಿಡು, ಮಠದ ಕ್ಯಾಲೆಂಡರಿಗೆ ಹಾಕೋಣ" ಎಂದರು. ತರುಣನು ತಲೆ ತಗ್ಗಿಸಿ ಸುಮ್ಮನಾದನು. ಏಕೆಂದರೆ ಆ ತಾಟುಗಳು ಮತ್ತಾರವೂ ಅಲ್ಲ, ಹಿಂದಿನ ದಿನದ ನಮ್ಮ ದಾಸೋಹದವೇ ಆಗಿದ್ದವು. ಕತ್ತರಿಸುವುದು ಬೇಡವೆಂದೆವು. ಚಿತ್ರದಿಂದ ಕತ್ತರಿಸಿದರೆ ಒಡ್ಡಿನಿಂದ ಹೋಗುವುದೇ?

ಮರುದಿನ ನಸುಕಿನಲ್ಲಿ ಪುಟ್ಟಿ ಹಿಡಿದು ನಾವೂ ಒಡ್ಡಿನ ಮೇಲೆ ನಡೆದೆವು. ಆರಿಸುತ್ತ ಬಾಗಿದಾಗ ಆ ಕಲ್ಲುಕಟ್ಟಡದ ಒಂದೊಂದು ಕಲ್ಲೂ ಕಂಡಿತು. ಎದ್ದು ನಿಂತಾಗ ನೀರಿನ ಮೇಲೆ ಬೆಳಕು ಇಳಿಯುವುದು ಕಂಡಿತು. ವಾಹನದಲ್ಲಿ ಹೋದವನಿಗೆ ಕೆರೆ ಹಾದುಹೋಗುತ್ತದೆ. ನಡೆದು ನಿಂತವನಿಗೆ ಅದು ದರ್ಶನ ಕೊಡುತ್ತದೆ. ಯುಗಾದಿಯ ಸಮಯದಲ್ಲಿ ನಮ್ಮ ಸೀಮೆಯವರು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದರ ಗುಟ್ಟು ಇದೇ. ಮಲ್ಲಯ್ಯನು ಗುಡಿಯಲ್ಲಿ ಮಾತ್ರವಲ್ಲ, ದಾರಿಯ ಗುಡ್ಡದಲ್ಲಿ, ಗಿಡದ ನೆರಳಿನಲ್ಲಿ ಎದುರಾಗುತ್ತಾನೆ. ಭಾಗವತದ ಅವಧೂತನೂ ಭೂಮಿ, ಗಾಳಿ, ಆಕಾಶ, ನೀರುಗಳನ್ನು ತನ್ನ ಇಪ್ಪತ್ನಾಲ್ಕು ಗುರುಗಳಲ್ಲಿ ಎಣಿಸಿಕೊಂಡನು.

ಬೆಳಕಿನಿಂದ ಚಿತ್ರ ಬರೆಯುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಟಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯು 1855ರಲ್ಲಿಯೇ ವಿಜಯಪುರದ ಕಟ್ಟಡಗಳ ಚಿತ್ರ ತೆಗೆದನು. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಚಿತ್ರ ಮೂಡಿಸುತ್ತಿದ್ದ ಕಾಲವದು. ಬೆಳಕು ಬಹಳ ಹೊತ್ತು ಬೀಳಬೇಕಾಗಿತ್ತು. ಅಷ್ಟು ಹೊತ್ತಿನಲ್ಲಿ ನಡೆದುಹೋದವರ ಗುರುತು ಕಾಗದದ ಮೇಲೆ ಉಳಿಯುತ್ತಿರಲಿಲ್ಲ, ನಿಂತದ್ದಷ್ಟೇ ಮೂಡುತ್ತಿತ್ತು. ಮನಸ್ಸೂ ಅಂಥ ಕಾಗದವೇ. ಚಂಚಲವಾದರೆ ಎದುರಿಗಿದ್ದ ಶಿವನೂ ಅದರಲ್ಲಿ ಮೂಡನು.

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಎವೆಯಿಕ್ಕದೆ ನೋಡಿರೆಂದು ಗುರು ಕಲಿಸಿದ್ದು ಇದಕ್ಕಾಗಿಯೇ. ಇಂದು ಅದೇ ಅಂಗೈಯಲ್ಲಿ ಮೊಬೈಲು ಕುಳಿತಿದೆ. ಚಿತ್ರ ತೆಗೆಯಬೇಡಿರೆಂದು ನಾವು ಹೇಳುವುದಿಲ್ಲ. ತೆಗೆಯುವ ಮೊದಲು ನಿಲ್ಲಿರಿ, ನೋಡಿರಿ. ಚೆಲುವಿನೊಡನೆ ನಮ್ಮ ಹೊಲಸೂ ಕಂಡರೆ, ಚಿತ್ರವನ್ನು ತಿದ್ದದೆ ನೆಲವನ್ನು ತಿದ್ದಿರಿ. ಇನ್ನು ಮುಂದೆ ನಮ್ಮ ದಾಸೋಹಕ್ಕೆ ಪತ್ರಾವಳಿಯೇ ಬರಲಿ. ಇದು ನಮ್ಮ ಅಪ್ಪಣೆ.

ಆ ತರುಣನು ಇಂದೂ ಈ ಸಭೆಯಲ್ಲಿದ್ದಾನೆ. ಗದರಿಸಿದ್ದು ಎಲ್ಲರೆದುರು, ತಪ್ಪೊಪ್ಪಿಕೊಳ್ಳುವುದೂ ಎಲ್ಲರೆದುರೇ ಆಗಬೇಕು. ತಮ್ಮಾ, ಅಂದು ಪ್ರವಚನಕ್ಕೆ ತಡವಾಗಿ ಬಂದವನು ನೀನಲ್ಲ. ಕೆರೆಗೆ ತಡವಾಗಿ ಬಂದವರು ನಾವು.

ನಿಮ್ಮೆಲ್ಲರ ಕಣ್ಣು ನಿಲ್ಲುವ ಕಣ್ಣಾಗಲಿ ಎಂದು ಹಾರೈಸಿ ಮಾತಿಗೆ ಮಂಗಳ ಹೇಳುತ್ತೇವೆ.